ಅವ್ವ ಇಲ್ಲದ ಮೊದಲ ಸೀಗಿ ಹುಣ್ಣಿಮೆ: ಗೆಳೆಯನಿಗೊಂದು ಪತ್ರ

ಕುಕನೂರು ಹತ್ತಿರದ ನಮ್ಮೂರಿನಿಂದ,
2025 ನವೆಂಬರ್ 1

ಪ್ರೀತಿಯ ದೋಸ್ತ,

ಬಲಿಪಾಡ್ಯದ ದಿನ ನೀನು ಫೋನ್ ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. "ಹಬ್ಬ ಹೆಂಗಾತಲೇ?" ಅಂತ ಕೇಳಿದೆ. "ಆತು ಬಿಡು" ಅಂದವನೇ ಅಪ್ಪನ ಕೈಗೆ ಫೋನ್ ಕೊಟ್ಟುಬಿಟ್ಟೆ. ನಿನಗೆ ಬೇಜಾರಾಗಿರಬೇಕು. ಆವತ್ತು ಬಾಯಿ ತೆಗೆದರೆ ಅಳು ಬರುವ ಹಾಗಿತ್ತು. ಕಾರಣ ಮುಂದೆ ಹೇಳುತ್ತೇನೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು, ಅದಕ್ಕೇ ಬರೆಯಲು ಕೂತಿದ್ದೇನೆ.

ಇವತ್ತು ರಾಜ್ಯೋತ್ಸವ. ಮಗಳು ಬೆಳಿಗ್ಗೆ ಶಾಲೆಗೆ ಹೋಗಿ ಬಂದು, ಹಳದಿ ಕೆಂಪು ಬಾವುಟ ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗಿದ್ದಾಳೆ. ಹೊರಗೆ ಡಾಂಬರು ರಸ್ತೆ ಮೇಲೆ ಅರ್ಧ ಊರಿನ ಮೆಕ್ಕೆಜೋಳ ಒಣಗುತ್ತಿದೆ. ಅಪ್ಪ ಕಟ್ಟೆ ಮೇಲೆ ಕೂತು ಕೋಳಿ ಓಡಿಸುತ್ತಿದ್ದಾರೆ. ಮುಂಜಾನೆ ಇಬ್ಬನಿ ಬೀಳಲು ಶುರುವಾಗಿದೆ. ಹಿತ್ತಲಲ್ಲಿ ಚೆಂಡುಹೂವು ಇನ್ನೂ ಇವೆ. ಅವ್ವ ಹಾಕಿದ್ದ ಗಿಡಗಳ ಬೀಜ ಬಿದ್ದು ತಾವೇ ಹುಟ್ಟಿದ್ದು. ಈ ಸಲ ಯಾರೂ ಹಾಕಿಲ್ಲ.

ಅವ್ವ ಹೋಗಿ ಒಂದು ವರ್ಷ ಐದು ತಿಂಗಳಾಯ್ತು. ಹೋದ ವರ್ಷ ನಾವು ಯಾವ ಹಬ್ಬವನ್ನೂ ಮಾಡಲಿಲ್ಲ. ಓಣಿಯವರು ತಾಟಿನಲ್ಲಿ ಹೋಳಿಗೆ ಮುಚ್ಚಿ ತಂದುಕೊಟ್ಟರು, ಅದನ್ನೇ ತಿಂದೆವು. ಸೀಗಿ ಹುಣ್ಣಿಮೆ ದಿನ ಮಾತ್ರ ಅಪ್ಪ ಬೆಳಿಗ್ಗೆ ಬೇಗ ಎದ್ದು ಎಲ್ಲಿಗೋ ಹೋದರು. ಬಂದಾಗ ಧೋತರದ ಅಂಚಿಗೆ ಎರಿ ಮಣ್ಣು ಮೆತ್ತಿತ್ತು. ರಾತ್ರಿ ಉಳಿದ ಅನ್ನವನ್ನೇ ಮೊಸರಲ್ಲಿ ಕಲಸಿಕೊಂಡು ಹೋಗಿ, ಒಬ್ಬರೇ ಹೊಲ ಸುತ್ತಿ ಚೆಲ್ಲಿ ಬಂದಿದ್ದರು. ವರ್ಷ ಆಗೋವರೆಗೂ ಹಬ್ಬ ಇಲ್ಲ ಅಂದಿದ್ದಿರಲ್ಲ ಅಂತ ನಾನು ಕೇಳಿದೆ. "ಹಬ್ಬ ನಮಗಿಲ್ಲಪಾ. ಭೂಮ್ತಾಯಿ ಬಸುರಿ ಅದಾಳ. ಆಕಿಗೆ ಉಪವಾಸ ಕೆಡವಾಕ ಬರತೈತೇನು?" ಅಂದರು.

ಹಾಗಾಗಿ ಅವ್ವ ಇಲ್ಲದೆ ನಾವೇ ಮುಂದೆ ನಿಂತು ಮಾಡಿದ ಮೊದಲ ಹಬ್ಬಗಳು ಈ ವರ್ಷದವೇ.

ಶುರು ಆಗಿದ್ದು ಮಾನವಮಿ ಅಮಾವಾಸ್ಯೆಯಿಂದ. ಸೆಪ್ಟೆಂಬರ್ 21, ಭಾನುವಾರ. ಹಿರಿಯರಿಗೆ ಎಡೆ ಹಿಡಿಯುವ ದಿನ. ಪ್ರತಿ ವರ್ಷ ಅಜ್ಜ, ಅಜ್ಜಿ, ಮುತ್ಯಾನ ಹೆಸರಲ್ಲಿ ಹೊಸ ಬಟ್ಟೆ ಇಟ್ಟು ಅವ್ವ ಕೈಮುಗಿಯುತ್ತಿದ್ದಳು. ಈ ಸಲ ಆ ಸಾಲಿನಲ್ಲಿ ಅವ್ವನ ಫೋಟೋ ಇತ್ತು. ನಮ್ಮಾಕೆ ಟ್ರಂಕಿನಿಂದ ಅವ್ವನ ಇಳಕಲ್ ಸೀರೆ ತೆಗೆದಳು. ತಂಗಿ ಮದುವೆಯಲ್ಲಿ ಉಟ್ಟಿದ್ದು, ಆಮೇಲೆ ಚಲೋದು ಅಂತ ಮಡಚಿಟ್ಟಿದ್ದು. ಅದರ ಮಡಿಕೆಯಲ್ಲಿ ಒಣಗಿದ ಬೇವಿನ ಎಲೆಗಳಿದ್ದವು. ಮುಟ್ಟಿದರೆ ಪುಡಿಯಾದವು. ನಮ್ಮಾಕೆ ಒಂದೊಂದೇ ಚೂರನ್ನು ಆರಿಸಿ ತೆಗೆದು ಬೇರೆ ಕಾಗದದಲ್ಲಿ ಕಟ್ಟಿಟ್ಟಳು. ಎಸೆಯಲಿಲ್ಲ. ಎಡೆಯ ಬಾಳೆಲೆಯಲ್ಲಿ ಅಪ್ಪ ತಾವೇ ಎಲೆ ಅಡಿಕೆ ಇಟ್ಟರು. ಎಲೆಯ ಬೆನ್ನಿಗೆ ಸುಣ್ಣ ಜಾಸ್ತಿ ಹಚ್ಚಿ, ನಾಲ್ಕು ಮಡಿಕೆ ಮಾಡಿ. ಅವ್ವ ಹಾಗೇ ಹಾಕಿಕೊಳ್ಳುತ್ತಿದ್ದಳು ಅಂತ ನನಗೆ ಆಗಲೇ ನೆನಪಾಗಿದ್ದು.

ಮಾರನೇ ದಿನ ಘಟ್ಟ ಹಾಕಿದೆವು. ಹೊಲದಿಂದ ಮಣ್ಣು ತಂದು, ಪತ್ರಾವಳಿ ಮೇಲೆ ಹರಡಿ, ಐದು ತರಹದ ಕಾಳು ಚೆಲ್ಲಿ, ನಡುವೆ ನೀರು ತುಂಬಿದ ಮಣ್ಣಿನ ಮಗಿ. ಪಕ್ಕದಲ್ಲಿ ಆರದ ದೀಪ. ಈ ಸಲ ತದಿಗೆ ಎರಡು ದಿನ ಬಂದು ನವರಾತ್ರಿ ಹತ್ತು ರಾತ್ರಿ ಆಯ್ತು ನೋಡು. ಮೈಸೂರಿನಲ್ಲೂ ಹನ್ನೊಂದು ದಿನದ ದಸರಾ ಅಂತ ಟಿವಿಯಲ್ಲಿ ಹೇಳುತ್ತಿದ್ದರು. ನಮಗೆ ಅದರ ಅರ್ಥ ಒಂದೇ: ದೀಪವನ್ನು ಇನ್ನೊಂದು ರಾತ್ರಿ ಕಾಯಬೇಕು. ಅವ್ವ ಇದ್ದಾಗ ಆ ದೀಪ ತಾನೇ ಉರಿಯುತ್ತದೆ ಅಂದುಕೊಂಡಿದ್ದೆ. ರಾತ್ರಿ ಎರಡು ಸಲ ಎದ್ದು ಎಣ್ಣೆ ಹಾಕಬೇಕು, ಕುಡಿ ಉದುರಿಸಬೇಕು, ಬತ್ತಿ ಮುಂದಕ್ಕೆ ತಳ್ಳಬೇಕು ಅಂತ ಈ ಸಲ ಗೊತ್ತಾಯ್ತು. ನಮ್ಮಾಕೆ ಮತ್ತು ನಾನು ಸರದಿ ಹಾಕಿಕೊಂಡೆವು. ಎಂಟನೇ ರಾತ್ರಿ ನನ್ನ ಸರದಿಯಲ್ಲಿ ನಾನು ಮಲಗಿಬಿಟ್ಟೆ. ಗಾಬರಿಯಿಂದ ಎದ್ದು ನೋಡಿದರೆ ದೀಪ ಚೆನ್ನಾಗಿ ಉರಿಯುತ್ತಿತ್ತು. ಪಕ್ಕದಲ್ಲಿ ಅಪ್ಪ ಗೋಡೆಗೆ ಒರಗಿ ಕೂತಿದ್ದರು. "ನೀ ಮಕ್ಕೋ. ನನಗ ಹೆಂಗೂ ನಿದ್ದಿ ಬರಂಗಿಲ್ಲ" ಅಂದರು.

ಅಕ್ಟೋಬರ್ 2ಕ್ಕೆ ಬನ್ನಿ ಹಬ್ಬ, ಅಂದರೆ ವಿಜಯದಶಮಿ. ಘಟ್ಟದ ಸಸಿ ಬಿಳಿ ಹಳದಿ ಬಣ್ಣಕ್ಕೆ ಗೇಣುದ್ದ ಬೆಳೆದಿದ್ದವು. ಮಗಳು ತಲೆಗೆ ಮುಡಿದುಕೊಂಡಳು, ಅಪ್ಪ ಟೋಪಿಗೆ ಸಿಕ್ಕಿಸಿಕೊಂಡರು. ಸಂಜೆ ಊರ ಹೊರಗಿನ ಬನ್ನಿ ಗಿಡದ ಹತ್ತಿರ ಎಲ್ಲರೂ ಸೇರಿ, ಬನ್ನಿ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೂಣು" ಅಂದು ಬಂದೆವು. ಏಳನೇ ಕ್ಲಾಸಿನಲ್ಲಿ ಹಂಪಿಗೆ ಹೋಗಿದ್ದು ನೆನಪಿದೆಯಾ? ಕೊಪ್ಪಳ ಜಿಲ್ಲೆ ಆಗಿದ್ದು ಅದೇ ವರ್ಷ, 1997ರಲ್ಲಿ. ನೋಟ್‌ಬುಕ್ಕಿನ ಮೇಲೆ ರಾಯಚೂರು ಜಿಲ್ಲೆ ಅಂತ ಬರೆದಿದ್ದನ್ನು ಹೊಡೆದು ಕೊಪ್ಪಳ ಅಂತ ಬರೆದುಕೊಂಡಿದ್ದೆವು. ಮಹಾನವಮಿ ದಿಬ್ಬದ ಮೆಟ್ಟಿಲ ಮೇಲೆ ಕೂತು ಅವ್ವ ಕಟ್ಟಿಕೊಟ್ಟ ರೊಟ್ಟಿ ಬಿಚ್ಚಿದಾಗ ಗುರುಗಳು ಹೇಳಿದ್ದರು, 1520ರ ಸುಮಾರಿಗೆ ಡೊಮಿಂಗೊ ಪಾಯಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಇಲ್ಲಿ ಕೃಷ್ಣದೇವರಾಯನ ಕಾಲದ ನವರಾತ್ರಿ ನೋಡಿ ಬರೆದಿಟ್ಟಿದ್ದಾನೆ ಅಂತ. ಕಲ್ಲಿನ ಮೇಲೆ ಕೆತ್ತಿದ ಆನೆ, ಕುದುರೆ, ಒಂಟೆ, ಕುಣಿಯೋ ಹೆಂಗಸರನ್ನು ನೀನು ಎಣಿಸುತ್ತ ಹಿಂದೆ ಉಳಿದುಬಿಟ್ಟಿದ್ದೆ. ಅವತ್ತು ಮನೆಗೆ ಬಂದು ನಾವು ಇದನ್ನೆಲ್ಲ ಹೇಳಿದಾಗ ಅವ್ವ ಕೇಳಿದ್ದು ಒಂದೇ. "ಅಷ್ಟು ಮಂದಿಗೆ ಅಡಗಿ ಯಾರು ಮಾಡ್ತಿದ್ರಂತ?" ಗುರುಗಳು ಅದನ್ನು ಹೇಳಿರಲಿಲ್ಲ.

ಬನ್ನಿಯಾಗಿ ಐದನೇ ದಿನಕ್ಕೆ ಸೀಗಿ ಹುಣ್ಣಿಮೆ. ನಾನು ನಿನಗೆ ಬರೆಯಬೇಕು ಅಂದುಕೊಂಡಿದ್ದು ಇದರ ಬಗ್ಗೆ.

ಬೇರೆ ಕಡೆಯವರಿಗೆ ಈ ಹಬ್ಬ ಹೇಳಿದರೆ ಬೇಗ ತಿಳಿಯೋದಿಲ್ಲ. ದೇವಸ್ಥಾನ ಇಲ್ಲ, ಪೂಜಾರಿ ಇಲ್ಲ, ಹೊಸ ಬಟ್ಟೆಯೂ ಬೇಕಿಲ್ಲ. ಪೈರು ತೆನೆ ಕಟ್ಟುವ ಹೊತ್ತು ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದೆ. ಅದಕ್ಕೆ ಮನೆಯಲ್ಲಿ ಏನೇನು ಮಾಡಲು ಬರುತ್ತದೋ ಅದನ್ನೆಲ್ಲ ಮಾಡಿ, ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ ಹೊಲಕ್ಕೆ ಉಣ್ಣಿಸಿ ಬರೋದು. ಚರಗ ಚೆಲ್ಲೋದು ಅಂದರೆ ಇಷ್ಟೇ. ಚೆಲ್ಲಿದ ಅನ್ನ ತಿನ್ನಲು ಹಕ್ಕಿ ಬರುತ್ತವೆ, ಬಂದ ಹಕ್ಕಿ ಪೈರಿನ ಹುಳವನ್ನೂ ಆರಿಸಿ ತಿನ್ನುತ್ತವೆ, ಅದಕ್ಕೇ ಹಿರಿಯರು ಮಾಡಿದ್ದು ಅಂತ ಅಪ್ಪ ಹೇಳುತ್ತಾರೆ. ಅವ್ವ ಅದನ್ನು ಒಪ್ಪುತ್ತಿರಲಿಲ್ಲ. "ಹಕ್ಕಿ ತಿನ್ಲಿ, ಹುಳ ತಿನ್ಲಿ. ನಾ ಕೊಡೂದು ಆಕಿಗೆ" ಅನ್ನುತ್ತಿದ್ದಳು.

ಈ ಸಲ ಅಡುಗೆಯೇ ದೊಡ್ಡ ಪರೀಕ್ಷೆ ಆಯ್ತು. ಅವ್ವ ಯಾವುದನ್ನೂ ಅಳತೆ ಹಾಕಿ ಮಾಡಿದವಳಲ್ಲ. ಎಷ್ಟು ಅಂದರೆ "ಒಂದು ಹಿಡಿ". ಎಷ್ಟು ಹೊತ್ತು ಅಂದರೆ "ವಾಸನಿ ಬರೂಮಟ". ನಮ್ಮಾಕೆ ಹದಿನಾಲ್ಕು ವರ್ಷ ಪಕ್ಕದಲ್ಲೇ ನಿಂತು ಕೆಲಸ ಮಾಡಿದವಳು. ಆದರೂ ಅವಳ ಪಾಲಿಗೆ ಬಂದಿದ್ದು ಕಾಯಿಪಲ್ಯ ಹೆಚ್ಚೋದು, ರೊಟ್ಟಿ ಬಡಿಯೋದು. ಕಡಬಿನ ಹಿಟ್ಟು, ಹೋಳಿಗೆಯ ಹೂರಣ ಅವ್ವ ಯಾರ ಕೈಗೂ ಕೊಡುತ್ತಿರಲಿಲ್ಲ.

ರೊಟ್ಟಿ ಎರಡು ದಿನ ಮೊದಲೇ ಆದವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಪ್ಪಳದ ಹಾಗೆ ಕಟಿ ಮಾಡಿ ಬುಟ್ಟಿಯಲ್ಲಿ ಜೋಡಿಸಿದ್ದು. ಉತ್ತರಿ, ಹಸ್ತ ಎರಡೂ ಮಳೆ ಜಾಸ್ತಿ ಸುರಿದು ನಮ್ಮ ಸಜ್ಜೆಯ ತೆನೆ ಅರ್ಧ ಕಪ್ಪಾಗಿತ್ತು. ಒಳ್ಳೆ ಕಾಳನ್ನು ಮಗಳು ತಾಟಿನಲ್ಲಿ ಹರಡಿಕೊಂಡು ಕೂತು ಆರಿಸಿದಳು. ದಸರಾ ರಜೆ ಇತ್ತಲ್ಲ, ಅವಳು ಪೂರ್ತಿ ಮನೆಯಲ್ಲೇ ಇದ್ದಳು. ಅದು ಒಳ್ಳೆಯದೇ ಆಯ್ತು. ಎರಡು ದಿನ ಆರಿಸಿ ಮೂರು ಸೇರು ಕಾಳು ತೆಗೆದುಕೊಟ್ಟಳು.

ಗುರೆಳ್ಳು ಚಟ್ನಿ ಮಾಡಿದರೆ ಅವ್ವನ ರುಚಿ ಬರಲಿಲ್ಲ. ಎರಡು ಸಲ ಕುಟ್ಟಿದಳು ನಮ್ಮಾಕೆ. ಉಪ್ಪು, ಖಾರ, ಬಳ್ಳೊಳ್ಳಿ ಎಲ್ಲ ಸರಿ, ಆದರೂ ಏನೋ ಕಡಿಮೆ. ಕೊನೆಗೆ ಎದುರುಮನೆ ಚಾಚಿಯನ್ನು ಕರೆದಳು. ಚಾಚಿ ನಿನಗೆ ಗೊತ್ತಲ್ಲ, ರಂಜಾನಿಗೆ ಸುರಕುಂಬಾ ತಂದಾಗ ನಿನಗೆ ಅಂತ ಬೇರೆ ಲೋಟ ತರುತ್ತಿದ್ದವರು. ಈಗ ಕಣ್ಣು ಮಂಜು. ನಾಲಿಗೆ ಮೇಲೆ ಚೂರು ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಹೇಳಿದರು, "ಹುಣಸಿಹಣ್ಣು ಹಂಗs ಹಾಕೀರಿ. ನಿಮ್ಮವ್ವ ಹಂಚಿನ ಮ್ಯಾಲ ಬೆಚ್ಚಗ ಮಾಡಿ ಹಾಕಾಕಿ. ಆಮ್ಯಾಲ ಬೆಲ್ಲ, ಉಗುರಿನಷ್ಟು." ಮೂರನೇ ಸಲ ಕುಟ್ಟಿದಾಗ ಅಡುಗೆ ಮನೆ ತುಂಬ ಅವ್ವನ ವಾಸನೆ ಬಂತು. ಚಾಚಿಯೂ ಅತ್ತರು, ನಮ್ಮಾಕೆಯೂ ಅತ್ತಳು.

ಕಡಬು ಇನ್ನೂ ಕಷ್ಟ ಕೊಟ್ಟಿತು. ಬೆಲ್ಲದ ನೀರಿನಲ್ಲಿ ಸಜ್ಜೆ ಹಿಟ್ಟು ನಾದಿ, ಇಡ್ಲಿ ಪಾತ್ರೆಯಲ್ಲಿ ಬೇಯಿಸಿದಳು. ತಳದವು ನೀರು ಕುಡಿದು ಒಡೆದವು. ಬೆಳಗಿನ ಜಾವ ನಾಲ್ಕು ಗಂಟೆ. ನಮ್ಮಾಕೆ ಒಲೆ ಮುಂದೆ ಕೈ ಇಳಿಬಿಟ್ಟು ಕೂತಿದ್ದಳು. ಆಗ ಅಪ್ಪ ಹಿತ್ತಲ ಕಡೆಯಿಂದ ಬಂದರು. ಕಂಕುಳಲ್ಲಿ ಒಂದು ಹಿಡಿ ಜೋಳದ ದಂಟು. ತೊಳೆದು, ಗೇಣುದ್ದಕ್ಕೆ ಮುರಿದು ತಂದಿದ್ದರು. ಬಾಗಿಲಲ್ಲೇ ನಿಂತು, "ಗಡಿಗಿ ತಳಕ್ಕ ನೀರು ಹಾಕಿ, ಇದನ್ನ ಅಡ್ಡಡ್ಡ ಹಾಸಿ, ಮ್ಯಾಲ ಕಡಬು ಇಡವ್ವಾ. ವರ್ಷಾ ನಾನs ತಂದು ಕೊಡ್ತಿದ್ದೆ" ಅಂದರು. ನಲವತ್ತು ವರ್ಷದಲ್ಲಿ ನಾನು ಅಪ್ಪ ಒಲೆಯ ಹತ್ತಿರ ಬಂದಿದ್ದನ್ನು ನೋಡಿಲ್ಲ. ದಂಟು ತಂದುಕೊಡುವ ಕೆಲಸ ಅವರದ್ದಾಗಿತ್ತು ಅಂತಲೂ ನನಗೆ ಗೊತ್ತಿರಲಿಲ್ಲ. ಆ ದಂಟಿನ ಮೇಲೆ ಬೆಂದ ಕಡಬಿಗೆ ಕೆಳಗೆ ಗೆರೆ ಗೆರೆ ಮೂಡುತ್ತಿದ್ದವಲ್ಲ, ನಾವು ನೇಗಿಲ ಸಾಲು ಅನ್ನುತ್ತಿದ್ದೆವು. ಅದೇ ಗೆರೆ ಬಂದವು.

ಚಕ್ಕಡಿ ಈಗ ಇಲ್ಲ. ಎತ್ತು ಮಾರಿ ಆರು ವರ್ಷ ಆಯ್ತು. ಚಿಕ್ಕಪ್ಪನ ಮಗನ ಟ್ರ್ಯಾಕ್ಟರಿನಲ್ಲಿ ಎಲ್ಲರೂ ಹೋದೆವು. ಮೂರು ಮನೆ ಮಂದಿ, ಬುಟ್ಟಿಗಳು, ಚಾಚಿಯ ಮೊಮ್ಮಕ್ಕಳು. ನೀನೂ ನಾನೂ ಚಕ್ಕಡಿಯ ಹಿಂದೆ ಕಾಲು ಇಳಿಬಿಟ್ಟು ಕೂರುತ್ತಿದ್ದ ಹಾಗೆ ಮಕ್ಕಳು ಟ್ರೇಲರಿನ ಅಂಚಿನಲ್ಲಿ ಕೂತವು. ಎತ್ತಿನ ಕೊರಳ ಗೆಜ್ಜೆ ಸದ್ದು ಇರಲಿಲ್ಲ, ಅದೊಂದು ನನಗೆ ಬಹಳ ಅನಿಸಿತು. ದಾರಿಯಲ್ಲಿ ಹತ್ತಿ ಒಡೆದಿತ್ತು. ಮಸಾರಿ ಹೊಲಗಳಲ್ಲಿ ಶೇಂಗಾ ಕಿತ್ತು ಗುಡ್ಡೆ ಹಾಕಿದ್ದರು. ನಮ್ಮ ಎರಿ ಹೊಲದಲ್ಲಿ ತೊಗರಿ ಹಳದಿ ಹೂವು ಬಿಟ್ಟು ನಿಂತಿದೆ. ಹಿಂಗಾರಿ ಜೋಳ ಹಸಿ ಜಾಸ್ತಿಯಾಗಿ ತಡವಾಗಿ ಬಿತ್ತಿದ್ದು, ಆಗ ಎರಡೆರಡು ಎಲೆ ಮಾತ್ರ.

ಬನ್ನಿ ಗಿಡದ ಬುಡದಲ್ಲಿ ಕಲ್ಲು ತೊಳೆದು ಸುಣ್ಣ ಹಚ್ಚಿದೆವು. ಮುಂದೆ ಐದು ಪಾಂಡವರು, ಹಿಂದೆ ಒಂದು ಕರ್ಣ. ಮಗಳು ಕೇಳಿದಳು, ಅವನನ್ನು ಯಾಕೆ ಹಿಂದೆ ಇಡೋದು ಅಂತ. ಅಪ್ಪ ಹೇಳಲಿಲ್ಲ, ನನಗೆ ಬರಲಿಲ್ಲ. ಚಿಕ್ಕವನಿದ್ದಾಗ ಇದೇ ಪ್ರಶ್ನೆ ನೀನು ಅವ್ವನಿಗೆ ಕೇಳಿದ್ದೆ. ಅವ್ವ ಕಡಬಿನ ತುಂಡು ಮುರಿದು ಮೊದಲು ಹಿಂದಿನ ಕಲ್ಲಿಗೆ ಇಟ್ಟು ಹೇಳಿದ್ದಳು, "ಅವನೂ ಕುಂತಿ ಮಗನs ಅಲ್ಲೇನು? ಲೆಕ್ಕಕ್ಕ ಹಿಡೀಲಿಲ್ಲಂದ್ರ ಹಸಿವು ಇರಂಗಿಲ್ಲೇನು?" ಅದನ್ನೇ ನಾನು ಮಗಳಿಗೆ ಹೇಳಿದೆ. ಅವಳು ಕಡಬು ಮುರಿದು ಹಿಂದಿನ ಕಲ್ಲಿಗೆ ದೊಡ್ಡ ತುಂಡು ಇಟ್ಟಳು.

ಆಮೇಲೆ ಅಪ್ಪ ಬುಟ್ಟಿ ಹಿಡಿದು ಮುಂದೆ, ನಾನು ಚರಿಗೆ ನೀರು ಹಿಡಿದು ಹಿಂದೆ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಸಿದ ಚರಗ: ಅನ್ನ, ಕಡಬು, ಹೋಳಿಗೆ ಚೂರು, ಪುಂಡಿಪಲ್ಲೆ, ಬದನೆಕಾಯಿ, ಮಡಿಕೆ ಕಾಳು. ಅಪ್ಪ ಚೆಲ್ಲುತ್ತ "ಹುಲ್ಲುಲ್ಲಿಗೋ..." ಅಂತ ಕೂಗಿದರು. ನಾನು ನೀರು ಚಿಮುಕಿಸುತ್ತ "ಚಲ್ಲಂಬರಿಗೋ..." ಅಂದೆ. ಊರೂರಿಗೆ ಈ ಕೂಗು ಬೇರೆ ಬೇರೆ ಇದೆ, ನಮ್ಮದು ಇದು. ಮೊದಲ ಸಾಲಿನಲ್ಲಿ ನನ್ನ ದನಿ ಏಳಲಿಲ್ಲ. ಪಕ್ಕದ ಹೊಲದಿಂದ ಯಾರೋ ಕೂಗಿದ್ದು ಕೇಳಿಸಿತು. ಆಚೆ ಹೊಲದಿಂದ ಇನ್ನೊಬ್ಬರು. ಬಯಲು ತುಂಬ ಕೂಗು ಎದ್ದಿತು. ಎರಡನೇ ಸಾಲಿಗೆ ನನ್ನದೂ ಸೇರಿತು.

ಊಟಕ್ಕೆ ಕೂತಾಗ ಮಗಳು ಇನ್ನೊಂದು ಮಾತು ಕೇಳಿದಳು. "ಅಪ್ಪಾಜಿ, ಅಜ್ಜಿ ಆ ಮೂಲಿಗೆ ಹೋಗ್ತಿದ್ಲಲ್ಲ, ಈಗ ಯಾರು ಹೋಗಬೇಕು?"

ಹೊಲದ ತೆಂಕಣ ಮೂಲೆ, ಹಾಳುಬಾವಿಯ ಪಕ್ಕ ಜಾಲಿ ಗಿಡ ಇರುವಲ್ಲಿ. ಪ್ರತಿ ಸೀಗಿ ಹುಣ್ಣಿಮೆಗೂ ಎಲ್ಲರ ಊಟ ಆದ ಮೇಲೆ ಅವ್ವ ಒಬ್ಬಳೇ ಅಲ್ಲಿಗೆ ಹೋಗುತ್ತಿದ್ದಳು. ಸೆರಗಿನ ಮರೆಯಲ್ಲಿ ಏನೋ ಇರುತ್ತಿತ್ತು. ಹತ್ತು ನಿಮಿಷಕ್ಕೆ ಬರುತ್ತಿದ್ದಳು. ಬಂದವಳೇ ಪಾತ್ರೆ ಜೋಡಿಸಲು ಶುರು ಮಾಡುತ್ತಿದ್ದಳು. ನಾನು ಒಂದು ಸಲವೂ ಕೇಳಲಿಲ್ಲ. ಹೆಂಗಸರ ಏನೋ ಪದ್ಧತಿ ಇರಬೇಕು ಅಂದುಕೊಂಡಿದ್ದೆ. ಆವತ್ತು ಅಪ್ಪನನ್ನು ಕೇಳಿದೆ. ಅವರು ಬಹಳ ಹೊತ್ತು ಜಾಲಿ ಗಿಡದ ಕಡೆ ನೋಡಿ, "ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ" ಅಂದರು. ಕೈ ತೊಳೆದುಕೊಂಡು ಎದ್ದು ಹೋದರು. ತಂಗಿಗೆ ಗೊತ್ತಿಲ್ಲ. ಚಾಚಿಯನ್ನೂ ಕೇಳಿದೆ. "ನನ್ನ ಮುಂದ ಎಲ್ಲಾ ಹೇಳಾಕಿ, ಇದೊಂದು ಹೇಳಿಲ್ಲ" ಅಂದರು.

ದೀಪಾವಳಿ ಬೇಗ ಹೇಳಿ ಮುಗಿಸುತ್ತೇನೆ. ತಂಗಿ ಗಂಗಾವತಿಯಿಂದ ಬಂದಿದ್ದಳು. ಅವರ ಮನೆಯಲ್ಲಿ ಭತ್ತದ್ದೇ ಚಿಂತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಅಲ್ಲಿಂದ ಅವರಿಗೆ ನೆಮ್ಮದಿ ಇಲ್ಲ. 33 ಗೇಟುಗಳನ್ನೂ ಬದಲಾಯಿಸಬೇಕು ಅನ್ನುತ್ತಿದ್ದಾರೆ, ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬರುತ್ತದೋ ಇಲ್ಲವೋ ಅಂತ ಭಾವ ಎಲ್ಲರನ್ನೂ ಕೇಳುತ್ತಿದ್ದರು. ನರಕ ಚತುರ್ದಶಿಯ ನಸುಕಿನಲ್ಲಿ ಅವ್ವನ ಜಾಗದಲ್ಲಿ ತಂಗಿ ನಿಂತು ಎಲ್ಲರಿಗೂ ಎಣ್ಣೆ ಹಚ್ಚಿ ಆರತಿ ಮಾಡಿದಳು. ಅಪ್ಪ ಮಣೆ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. "ಇನ್ನೊಂದೀಟು ಒತ್ತಿ ಹಚ್ಚವ್ವಾ" ಅಂದರು, ಅಷ್ಟೇ.

ಬಲಿಪಾಡ್ಯದ ಬೆಳಿಗ್ಗೆ ಸಗಣಿ ಪಾಂಡವರನ್ನು ಮಾಡುವ ಕೆಲಸ ಮಗಳು ತಾನೇ ತೆಗೆದುಕೊಂಡಳು. ಅವ್ವ ಹೇಳಿಕೊಟ್ಟಿದ್ದಳಂತೆ. ಉತ್ತರಾಣಿ ಕಡ್ಡಿ, ಚೆಂಡುಹೂವು ಸಿಕ್ಕಿಸಿ ಹೊಸ್ತಿಲ ಬದಿಗೆ ಸಾಲಾಗಿ ಕೂರಿಸಿದಳು. ಸಂಜೆ ಹುಡುಗರು ದನಗಳಿಗೆ ಬೆಳಗುವ ಆಣಿಪೀಣಿ ದೀಪ ಹಿಡಿದು ಬಂದರು. ನಮ್ಮ ಓಣಿಯಲ್ಲಿ ಈಗ ನಾಲ್ಕೇ ಹುಡುಗರು. ನಾವು ಹದಿನೈದು ಜನ ಇದ್ದೆವು, ಅಲ್ವಾ? ಎಣ್ಣೆಗಾಗಿ ಜಗಳ ಆಗುತ್ತಿತ್ತು. ನಮ್ಮ ಮನೆಯಲ್ಲಿ ಎತ್ತು ಇಲ್ಲ, ಇರುವುದು ಒಂದು ಆಕಳು, ಅದರ ಕರು. ಅವಕ್ಕೇ ಬೆಳಗಿ ಹಾಡಿ ಎಣ್ಣೆ ಹಾಕಿಸಿಕೊಂಡರು. ಅದರಲ್ಲಿ ಸಣ್ಣವನು ಹೊಸ್ತಿಲ ಹತ್ತಿರ ಬಗ್ಗಿ ನೋಡಿ, "ಇವರ ಮನ್ಯಾಗ ಆರು ಮಂದಿ ಪಾಂಡವರು!" ಅಂತ ಕೂಗಿದ.

ನಾನೂ ಬಗ್ಗಿ ನೋಡಿದೆ. ಐದರ ಹಿಂದೆ, ಬಾಗಿಲ ಮರೆಯಲ್ಲಿ, ಒಂದು ಸಣ್ಣದು. ಎಲ್ಲಕ್ಕಿಂತ ದೊಡ್ಡ ಹೂವು ಅದರ ತಲೆಗೆ. ಮುಂದೆ ಒಂದು ಚಮಚ ಬೆಣ್ಣೆ. ಮಗಳು ನನ್ನ ಮುಖ ನೋಡಿ, "ಅವಂಗೂ ಹಸಿವು ಅಂತ ನೀನs ಹೇಳಿದ್ದಿ" ಅಂದಳು.

ಆ ಹೊತ್ತಿಗೇ ನಿನ್ನ ಫೋನ್ ಬಂತು.

ಬರುವ ಬುಧವಾರ, 5ನೇ ತಾರೀಖು ಗೌರಿ ಹುಣ್ಣಿಮೆ. ಮಗಳು ಈ ಸಲ ಮೊದಲ ಬಾರಿಗೆ ತಾನೇ ಸಕ್ಕರೆ ಆರತಿ ಹಿಡಿದು ಹೋಗುತ್ತಾಳೆ. ಕಿನ್ನಾಳದಿಂದ ಅಜ್ಜ ತಂದಿದ್ದ ಕಟ್ಟಿಗೆಯ ಗೌರಿಯನ್ನು ಅಟ್ಟದಿಂದ ಇಳಿಸಿ ಒರೆಸಿದ್ದೇವೆ. ಮೂಗಿನ ಬಣ್ಣ ಸ್ವಲ್ಪ ಹೋಗಿದೆ, ಮುಖದ ಕಳೆ ಹಾಗೇ ಇದೆ. ನಿನ್ನೆ ಸಂಜೆ ಮಗಳನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋಗಿದ್ದೆ, ಸಕ್ಕರೆ ಗೊಂಬೆ ಎರೆಯುವ ಮನೆಗೆ. ದೊಡ್ಡ ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಹಾಲು ಹಾಕಿ ಹೊಲಸು ತೆಗೆಯುತ್ತಿದ್ದರು. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ ದಾರ ಬಿಗಿದು, ಮೇಲಿನಿಂದ ಪಾಕ ಹೊಯ್ದು, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಬಿಳಿ ಆನೆ, ಒಂಟೆ, ನವಿಲು, ತೇರು. ಮಗಳು ಉಸಿರು ಬಿಗಿಹಿಡಿದು ನೋಡಿದಳು. ಎರಡು ಕಿಲೋ ತಂದೆವು. ತಂಗಿಯ ಮದುವೆ ಗೊತ್ತಾದ ವರ್ಷ ಬೀಗರು ಆರತಿ ಸಕ್ಕರೆ ತಂದಾಗ, ನೀನು ಒಂಟೆಯ ಕತ್ತು ಮುರಿದು ತಿಂದಿದ್ದನ್ನು ಅವ್ವ ಯಾರಿಗೂ ಹೇಳದೆ ತೇರಿನ ಹಿಂದೆ ಮುಚ್ಚಿಟ್ಟಿದ್ದಳು. ಈ ಸಲವೂ ಒಂದು ಒಂಟೆ ಇದೆ. ನಿನಗೆ ಅಂತ ಎತ್ತಿಡುತ್ತೇನೆ. ಇರುವೆ ಹತ್ತದ ಹಾಗೆ ಡಬ್ಬಿಯಲ್ಲಿ ಹಾಕಿಡುತ್ತೇನೆ.

ಇನ್ನು ನಿನ್ನನ್ನು ಕೇಳಬೇಕಾಗಿದ್ದನ್ನು ಕೇಳುತ್ತೇನೆ.

ನಾವು ಐದನೇ ಕ್ಲಾಸಿನಲ್ಲಿದ್ದಾಗ, ಸೀಗಿ ಹುಣ್ಣಿಮೆಗೆ ನನಗೆ ಜ್ವರ ಬಂದಿತ್ತು. ಚಕ್ಕಡಿಯಲ್ಲಿ ಕೌದಿ ಹೊದಿಸಿ ಮಲಗಿಸಿದ್ದರು. ಆವತ್ತು ಅವ್ವ ಆ ಮೂಲೆಗೆ ಹೋಗುವಾಗ ನೀರಿನ ಚರಿಗೆ ಹಿಡಿಯಲು ನಿನ್ನನ್ನು ಕರೆದುಕೊಂಡು ಹೋದಳು. ನಾನು ಚಕ್ಕಡಿಯಿಂದ ನೋಡಿದ್ದೇನೆ. ಮುಂದಿನ ವರ್ಷವೂ ನಿನ್ನನ್ನೇ ಕರೆದಳು. ನನಗೆ ಹೊಟ್ಟೆಕಿಚ್ಚಾಗಿ ನಿನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಯಾಕೆ ಅಂತ ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಅವ್ವ ಆ ಜಾಲಿ ಗಿಡದ ಕೆಳಗೆ ಏನು ಇಟ್ಟಳು? ಏನಾದರೂ ಹೇಳಿದಳಾ? ಯಾರ ಹೆಸರಾದರೂ ತೆಗೆದಳಾ? ಯಾರಿಗೂ ಹೇಳಬೇಡ ಅಂತ ನಿನಗೆ ಆಣೆ ಹಾಕಿಸಿದ್ದರೆ ಹೇಳಬೇಡ. ನಾನು ಮತ್ತೆ ಕೇಳುವುದಿಲ್ಲ. ಹಾಗೇನೂ ಇಲ್ಲ ಅಂದರೆ, ಡಿಸೆಂಬರ್ 19ಕ್ಕೆ ಎಳ್ಳ ಅಮಾವಾಸ್ಯೆ, ಜೋಳಕ್ಕೆ ಚರಗ ಇದೆ. ಎರಡು ದಿನ ರಜೆ ಹಾಕಿ ಬಾ. ಅಪ್ಪ ದಂಟು ತಂದುಕೊಡುತ್ತಾರೆ, ನಮ್ಮಾಕೆ ಕಡಬು ಮಾಡುತ್ತಾಳೆ. ಊಟ ಆದ ಮೇಲೆ ನೀನು ಮುಂದೆ ನಡೆ, ಚರಿಗೆ ಹಿಡಿದು ನಾನು ಹಿಂದೆ ಬರುತ್ತೇನೆ. ಅವ್ವ ಎಲ್ಲಿ ಕೂರುತ್ತಿದ್ದಳು ಅಂತ ತೋರಿಸು.

ಮಗಳೂ ಬರುತ್ತೇನೆ ಅನ್ನುತ್ತಿದ್ದಾಳೆ.

ನಿನ್ನ
ದೋಸ್ತ